ಉಡಿ ತುಂಬಿಸಿಕೊಂಡು ಹಾಕಿದ ಸಹಿ

ಎಂಬತ್ತರ ದಶಕದ ಆರಂಭ. ಕೊಟ್ಟೂರಿನಲ್ಲಿ ಶಿಕ್ಷಕಿಯಾಗಿದ್ದೆ. ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ವೇಳೆ ಗೊತ್ತುಮಾಡಿಕೊಂಡವಳು ನಾನು. ಅವ್ವ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂದಾಗ ಮಾತ್ರ ಪಾಠವನ್ನು ಅರ್ಧಕ್ಕೇ ಬಿಟ್ಟು ಹಡಗಲಿ ಬಸ್ಸು ಹತ್ತಿದೆ.

ತವರಿನ ಹೊಸ್ತಿಲಲ್ಲೇ ಅಣ್ಣ ಅಡ್ಡ ನಿಂತ.

"ಮೊದ್ಲು ಆಫೀಸಿಗೆ ನಡಿ. ಅಪ್ಪ ಕೊಂಡ ಮಲ್ಲಿಗಿ ತ್ವಾಟದಾಗ ಪಾಲು ಬ್ಯಾಡ ಅಂತ ಸಹಿ ಹಾಕು. ಆಮ್ಯಾಲೆ ಅವ್ವನ್ನ ನೋಡು."

"ಒಂದ್ಸಲ ಮುಖ ನೋಡಿ ಬರ್ತೀನಣ್ಣ."

"ನೋಡಿದ ಮ್ಯಾಲೆ ನೀ ಬರಾಕಿ ಅಲ್ಲ. ಟೀಚರಮ್ಮ, ನಿನ್ನ ಬುದ್ಧಿ ನನಗ ಗೊತ್ತೈತಿ."

ಒಳಗೆ ಅವ್ವ ಏದುಸಿರು ಬಿಡುವುದು ಕೇಳುತ್ತಿತ್ತು. ಇವತ್ತಿನ ದಿನ ಕಳೆಯುತ್ತಾಳೋ ಇಲ್ಲವೋ. ಅಣ್ಣನ ಹಿಂದೆ ನಡೆದೆ.

ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಅತ್ತಿಗೆ ಕಾಯುತ್ತಿದ್ದಳು. ಪಾಲು ಬಿಟ್ಟುಕೊಡುವ ಮಗಳನ್ನು ಬರಿ ಸೆರಗಿನಲ್ಲಿ ಕಳಿಸಬಾರದಂತೆ. ಕುಂಕುಮ ಹಚ್ಚಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಹಾಕಿ ಉಡಿ ತುಂಬಿದಳು. ತವರಿನ ಉಡಿಯನ್ನು ಬೇಡವೆಂದರೆ ತವರನ್ನೇ ಬೇಡವೆಂದಂತೆ. ತುಂಬಿದ ಸೆರಗನ್ನು ಎಡಗೈಯಲ್ಲಿ ಹಿಡಿದೇ ಅಧಿಕಾರಿಯ ಮುಂದೆ ನಿಂತೆ.

"ಯಾರದಾದ್ರೂ ಒತ್ತಾಯ ಐತೇನಮ್ಮ?" ಎಂದವರು ನನ್ನ ಸೆರಗು ನೋಡಿ ನಕ್ಕರು. "ಉಡಿ ತುಂಬಿ ಕರ್ಕೊಂಡು ಬಂದಾರ, ಕೇಳೋದೇನೈತಿ."

"ಇಲ್ರಿ" ಎಂದೆ. ಬೆನ್ನ ಹಿಂದೆ ಅಣ್ಣನಿದ್ದ.

ಸಹಿ ಹಾಕಿ ಮನೆಗೆ ಬಂದು ಅವ್ವನ ಪಕ್ಕ ಕೂತೆ. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ತಡವರಿಸಿ ನನ್ನ ಸೆರಗು ಮುಟ್ಟಿದಳು. "ಅಣ್ಣ ಉಡಿ ತುಂಬ್ಯಾನಲ್ಲ. ಇನ್ನ ನಾ ನಿಶ್ಚಿಂತಿ."

ಅವಳು ಆ ದಿನ ಕಳೆದಳು, ಆ ವಾರವೂ. ಆ ಸಹಿಯನ್ನು ರದ್ದು ಮಾಡಿಸಬಹುದೇ ಎಂದು ಕೇಳಲು ನಾನು ಹರಪನಹಳ್ಳಿಯ ವಕೀಲರ ಬಳಿ ಹೋದೆ.

"ಹೊಡೆದ್ನಾ? ಜೀವ ತೆಗಿತೀನಿ ಅಂದ್ನಾ? ನಿಮ್ಮನ್ನ ಕೂಡಿ ಹಾಕಿದ್ನಾ?"

ಎಲ್ಲದಕ್ಕೂ ಇಲ್ಲವೆಂದೆ.

"ಹಂಗಾದ್ರೆ ಕಷ್ಟ ಐತಮ್ಮ. ಬಾಗಲಿಗೆ ಅಡ್ಡ ನಿಂತಿದ್ದನ್ನ ಕೋರ್ಟು ಒತ್ತಾಯ ಅನ್ನಬೇಕಾದ್ರೆ ಆ ಮಾತು ಕೇಳಿದೋರು ಬೇಕು. ನಿಮ್ಮ ತಾಯಿ ಕೇಳಿಸ್ಕೊಂಡಿದ್ರೆ, ಅವರ ಹೇಳಿಕೆ ತಗೊಳ್ಳೋಣ. ಜಲ್ದಿ."

ಮರುದಿನವೇ ಹಡಗಲಿಗೆ ಹೋದೆ. ಈ ಸಲ ಬಾಗಿಲು ತೆರೆದೇ ಇತ್ತು. ಹೇಗೆ ಕೇಳಲಿ ಎಂದುಕೊಳ್ಳುತ್ತಿರುವಾಗ ಅವ್ವನೇ ನನ್ನ ಕೈ ಬಿಗಿಯಾಗಿ ಹಿಡಿದಳು.

"ಅವತ್ತು ಹೊಸ್ತಿಲದಾಗ ಏನೋ ಮಾತು ನಡದಿತ್ತು. ನನಗ ಕೇಳಿಸ್ತು. ಜಗಳ ಆಡಿದ್ರೇನ ಇಬ್ರೂ?"

ಅವಳ ಎದೆ ಏರಿಳಿಯುತ್ತಿತ್ತು.

"ಇಲ್ಲವ್ವ. ಉಡಿ ತುಂಬತೀವಿ ಬಾ ಅಂತ ಕರೀತಿದ್ದ" ಎಂದೆ.

ಹಿಡಿತ ಸಡಿಲವಾಯಿತು. ಅವ್ವ ಕಣ್ಣು ಮುಚ್ಚಿದಳು. ವಕೀಲರ ಬಳಿ ನಾನು ಮತ್ತೆ ಹೋಗಲಿಲ್ಲ.