ಐವತ್ತೆಂಟು ಲಕ್ಷದ ಒಂದು ಸಂಖ್ಯೆ

58,82,353. ಈ ಸಂಖ್ಯೆಯನ್ನು ನನಗೆ ಮೊದಲು ತೋರಿಸಿದವಳು ಅಕ್ಕ. ಪಿಯುಸಿಯಲ್ಲಿ ಗಣಿತಕ್ಕೆ ಅವಳ ಅಂಕ ನನಗಿಂತ ಹೆಚ್ಚು. ಆದರೂ ಅವಳನ್ನು ಹರಿಹರದ ಪಕ್ಕದ ಗುತ್ತೂರಿಗೆ ಮದುವೆ ಮಾಡಿಕೊಟ್ಟರು. ದಾವಣಗೆರೆ ವಿನೋಬನಗರದ ಮನೆಯಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು.

ಭಾವ ಕಾರ್ಖಾನೆಯಿಂದ ತರುತ್ತಿದ್ದ, ಕೆಲಸದ ವಿವರ ಬರೆದ ಹಳೆ ಜಾಬ್ ಕಾರ್ಡುಗಳ ಹಿಂಬದಿಯಲ್ಲಿ ಅಕ್ಕ ಭಾಗಾಕಾರ ಮಾಡುತ್ತಿದ್ದಳು. ಹತ್ತು ಕೋಟಿಗೆ ಒಂದು ಕೂಡಿಸಿ ಹದಿನೇಳರಿಂದ ಭಾಗಿಸಿದಾಗ ಶೇಷವಿಲ್ಲದೆ ಬಂದದ್ದು ಈ ಸಂಖ್ಯೆ.

"ಇದನ್ನ ಎರಡು ತುಂಡು ಮಾಡು. 588, 2353. ಎರಡರ ವರ್ಗ ಮಾಡಿ ಕೂಡ್ಸು. ಅದೇ ವಾಪಸ್ ಬರ್ತೈತೆ," ಎಂದಳು. "ಅವಿಭಾಜ್ಯನೂ ಹೌದು. 2425ರ ತನಕ ಇರೋ ಅವಿಭಾಜ್ಯಗಳಿಂದೆಲ್ಲ ಭಾಗ್ಸೀನಿ, ಒಂದಕ್ಕೂ ಬಗ್ಗಲಿಲ್ಲ. ವರ್ಗಮೂಲ ಅಲ್ಲಿಗೇ ಮುಗೀತೈತೆ, ಮುಂದೆ ನೋಡೋದು ಬ್ಯಾಡ."

ಆಗಷ್ಟೇ ಅವಳು ದೂರಶಿಕ್ಷಣದ ಬಿ.ಎಸ್ಸಿ. ಅರ್ಜಿ ತರಿಸಿಟ್ಟಿದ್ದಳು. ಭಾವ ಕಾರ್ಡುಗಳನ್ನು ನೋಡಿ ನಕ್ಕರು.

"ಕಾಯಿಪಲ್ಲೆ ಹೆಚ್ಚಿದಂಗೆ ನಂಬರ್ ಹೆಚ್ತಾಳೆ ನಿಮ್ಮಕ್ಕ. ನೀನು ಓದಿದೋಳು, ಹೇಳವ್ವ. ಇದರಾಗೆ ಏನಾರ ಐತಾ? ಇದ್ರೆ ನಾಳೆನೇ ಫೀಸು ಕಟ್ತೀನಿ."

ಅಂಥ ಸಂಖ್ಯೆಯನ್ನು ನಾನು ಎಂದೂ ಕಂಡಿರಲಿಲ್ಲ.

"ಇದೆಲ್ಲ ಎಂದೋ ಗೊತ್ತಿರೋದು ಭಾವ," ಎಂದೆ. "ಹೊಸದೇನಲ್ಲ. ಸುಮ್ನೆ ಟೈಮ್‌ಪಾಸ್."

ಯಾಕೆ ಹಾಗೆಂದೆ? ಬಸ್ಸಿಗೆ ಹೊತ್ತಾಗಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಗುತ್ತೂರಿನಿಂದ ದಾವಣಗೆರೆಗೆ ಬಸ್ಸಿನ ಕೊರತೆ ಇರಲಿಲ್ಲ. ಆ ದಿನದ ಡೈರಿ ತೆಗೆದು ನೋಡಿದರೆ ಇರುವುದು ಒಂದೇ ಸಾಲು: "ಅಕ್ಕನ ಮನೆಯಲ್ಲಿ ಊಟ. ವಿಪರೀತ ಸೆಖೆ." ಅವಳ ಮುಖ ಬಾಡಿದ್ದು ನೆನಪಿದೆ ಎನ್ನಬಹುದು, ಆದರೆ ಅದು ನಾನು ಆಮೇಲೆ ಕಲ್ಪಿಸಿಕೊಂಡ ಮುಖವೂ ಇರಬಹುದು. ಅರ್ಜಿ ತುಂಬಲಿಲ್ಲ ಎಂಬುದು ಮಾತ್ರ ಕಲ್ಪನೆಯಲ್ಲ.

ಮೊನ್ನೆ ಮೊಬೈಲಿನಲ್ಲಿ ಹುಡುಕಿದೆ. ಅವಳು ಹೇಳಿದ ಎರಡು ಗುಣಗಳೂ ಸರಿ. ಹಿಂದೆಯೇ ಯಾರೋ ಕಂಡುಕೊಂಡದ್ದೂ ಹೌದು. ಅಂದರೆ ನಾನು ಹೇಳಿದ್ದು ನಿಜ. ಹೇಳುವಾಗ ನನ್ನ ಬಾಯಲ್ಲಿ ಅದು ಸುಳ್ಳಾಗಿತ್ತು. ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನಕ್ಕೇ ಹೇಸಿಗೆಯಾಯಿತು.

ಮರುದಿನ ಗುತ್ತೂರಿಗೆ ಹೋದೆ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

"ಅಕ್ಕ, ನಿನ್ನ ಆ ನಂಬರ್ ಅವಿಭಾಜ್ಯನೇ. ಈಗ ನೋಡಿದೆ," ಎಂದೆ. ಇನ್ನೂ ಹೇಳುವುದಿತ್ತು.

"ಗೊತ್ತೈತೆ. ಭಾಗ್ಸಿದ್ದು ನಾನೇ ಅಲ್ಲೇನು?" ಎಂದಳು. ಒಂದು ಹುಳುಕು ಕಾಯನ್ನು ಆಚೆ ಹಾಕಿದಳು. "ಅವತ್ತು ವರ್ಗ ಮಾಡಿ ಕೂಡ್ಸಿನಾದ್ರೂ ನೋಡಿದ್ಯಾ?"

ಅದಕ್ಕೆ ಐದು ನಿಮಿಷ ಸಾಕಿತ್ತು. ಇಲ್ಲ ಎಂದೆ.

"ನಂಗೆ ಅವತ್ತೇ ಗೊತ್ತಾತು ಬಿಡು. ನೀನು ಪೆನ್ನೇ ಮುಟ್ಟಲಿಲ್ಲ."