ಮಗಳ ದೋಣಿಯ ಗಿರಾಕಿ

ಕಯಾಕ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ನನ್ನ ಹೆಂಡತಿಯ ಬಾಯಲ್ಲಿ. ಅವಳು ಅದನ್ನು ಕಾಯಕ ಎನ್ನುತ್ತಿದ್ದಳು. "ಮಗಳು ಸಮುದ್ರದ ತಾವ ಕಾಯಕ ಓಡುಸ್ತಾಳಂತೆ. ಕತ್ಲಾದ ಮೇಲೆ ಜನಾನ ಕರ್ಕೊಂಡೋಗಿ ನೀರು ಹೊಳೆಯೋದ ತೋರುಸ್ತಾಳಂತೆ," ಎಂದು ರಾಮನಗರದ ಮನೆಯಲ್ಲಿ ಸೊಪ್ಪು ಸೋಸುತ್ತಾ ಹೇಳಿದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಮಗಳ ಮಾತನ್ನು ನನ್ನ ಮುಂದೆ ಎತ್ತಕೂಡದು ಎಂದು ನಾನೇ ಹೇಳಿಟ್ಟಿದ್ದೆ. ಆದರೂ ಅವಳು ಆಗಾಗ ಹೀಗೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಕೇಳಿಸಿಕೊಳ್ಳದವನ ಹಾಗೆ ನಾನು ಕೇಳಿಸಿಕೊಳ್ಳುತ್ತಿದ್ದೆ.

ನಮಗೆ ಒಬ್ಬಳೇ ಮಗಳು. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಅಕ್ಕೂರಿನಲ್ಲಿ ಒಂದಿಷ್ಟು ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳುಮನೆ ಇವೆ. ಆ ತೋಟದ ಬಾವಿಯಲ್ಲಿ ಅವಳಿಗೆ ಈಜು ಕಲಿಸಿದವನು ನಾನೇ. ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ವಾರ ಕಳೆಯುವುದರೊಳಗೆ "ಹಗ್ಗ ಬುಡಪ್ಪ ನೀನು" ಅಂದಳು. ಕಾಲೇಜು ಮುಗಿಸಿದ ಮೇಲೆ ರಾಮನಗರದ ಬಂಡೆಗಳನ್ನು ಹತ್ತಲು ಬರುವವರಿಗೆ ಹಗ್ಗ ಕಟ್ಟಿಕೊಡುವ ಕೆಲಸಕ್ಕೆ ಸೇರಿದಳು. ಅದೂ ನನಗೆ ಮೊದಮೊದಲು ಹೆಮ್ಮೆಯೇ.

ಮಾಗಡಿ ಕಡೆಯ ಒಂದು ಮನೆಯಿಂದ ಸಂಬಂಧ ಬಂದಾಗ ಎಲ್ಲ ಕೆಟ್ಟಿತು. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನೇ. ಅವರಿಗೆ ಹುಡುಗಿ ಬಂಡೆ ಹತ್ತುವುದು ಇಷ್ಟವಿರಲಿಲ್ಲ. "ಮದ್ವೆ ಆಗೋಗಂಟ ಒಸಿ ನಿಲ್ಸು, ಆಮೇಕೆ ನೋಡ್ಕೊಳಾಣ," ಎಂದು ನಾನು ಹೇಳಿದೆ. ಅವಳು ನನ್ನ ಮುಖ ನೋಡಿ, "ಆಮೇಕೆ ನೋಡ್ಕೊಳೋರು ಯಾರು ಅಪ್ಪ, ನೀನಾ?" ಅಂದಳು. ನಿಶ್ಚಿತಾರ್ಥಕ್ಕೆ ಹನ್ನೊಂದು ದಿನ ಇದ್ದಾಗ ಆ ಮನೆಗೆ ತಾನೇ ಫೋನ್ ಮಾಡಿ ಬೇಡ ಎಂದು ಹೇಳಿ, ಬ್ಯಾಗ್ ಕಟ್ಟಿದಳು. ಪತ್ರಿಕೆ ಹಂಚಿ ಮುಗಿದಿತ್ತು. ಬಾಗಿಲಲ್ಲಿ ನಿಂತು ನಾನು ಆಡಿದ ಮಾತು ಒಂದೇ: ಈ ಹೊಸ್ತಿಲು ಇನ್ನು ತುಳೀಬೇಡ. ಅವಳು ತುಳಿಯಲಿಲ್ಲ.

ಅದಾಗಿ ಒಂದು ವರ್ಷಕ್ಕೆ ನನ್ನ ಹೆಂಡತಿಗೆ ಜ್ವರ ಬಂತು. ಸಾಮಾನ್ಯ ಜ್ವರ ಎಂದುಕೊಂಡಿದ್ದು ಡೆಂಗಿ ಆಗಿತ್ತು. ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಅವಳು, "ಮಗೀಗೆ ಒಂದು ಫೋನ್ ಮಾಡಿ, ಅಷ್ಟೆ," ಅಂದಳು. "ನಾಳೆ ಮಾಡ್ತೀನಿ," ಎಂದೆ. ಎರಡನೆಯ ದಿನವೂ ಕೇಳಿದಳು, ಮೂರನೆಯ ದಿನವೂ. ಇವಳು ಎದ್ದು ಕೂತ ಮೇಲೆ ತಾನೇ ಮಾತಾಡಿಕೊಳ್ಳಲಿ, ನಾನಾಗಿ ಫೋನ್ ಮಾಡಿದರೆ ನಾನು ಸೋತ ಹಾಗೆ ಎಂಬುದು ನನ್ನ ತಲೆಯಲ್ಲಿತ್ತು. ಹೆಂಡತಿಯ ಫೋನ್ ನನ್ನ ಷರ್ಟಿನ ಜೇಬಿನಲ್ಲೇ ಇತ್ತು. ಮೂರನೆಯ ದಿನ ಸಂಜೆ ಅದು ಎರಡು ಸಲ ಹೊಡೆದುಕೊಂಡಿತು. ಮಗಳು. ವಾರ್ಡಿನ ಹೊರಗೆ ಹೋಗಿ ಅದನ್ನು ಆಫ್ ಮಾಡಿದೆ. ನಾಲ್ಕನೆಯ ದಿನ ಹೆಂಡತಿಗೆ ಮಾತಾಡಲು ಆಗುತ್ತಿರಲಿಲ್ಲ. ಕೈಯನ್ನು ಕಿವಿಯ ಹತ್ತಿರ ತಂದು ತೋರಿಸಿದಳು. "ಆಯ್ತು, ಮಾಡ್ತೀನಿ," ಅಂದೆ. ಐದನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೋಗಿಬಿಟ್ಟಳು.

ಮಗಳಿಗೆ ಸುದ್ದಿ ಮುಟ್ಟಿಸಿದವಳು ನನ್ನ ನಾದಿನಿ. ಮಗಳು ಕರಾವಳಿಯಿಂದ ಹೊರಟು ಅಕ್ಕೂರು ತಲುಪಿದ್ದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಹೊಲದಲ್ಲಿ ಮಣ್ಣು ಮಾಡಿ ಆಗಿತ್ತು. ಹಸಿ ಮಣ್ಣಿನ ಗುಡ್ಡೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದಳು. ನೆಂಟರೆಲ್ಲ ಅಲ್ಲೇ ಇದ್ದರು.

"ಅವ್ವ ನನ್ನ ಕೇಳ್ಲಿಲ್ವಾ?"

"ಇಲ್ಲ," ಎಂದೆ.

ಕೇಳಿದಳು ಎಂದರೆ, ಮತ್ತೆ ನನಗೆ ಯಾಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅವಳು ತಲೆಯಾಡಿಸಿದಳು, ಮೂರನೆಯ ದಿನದ ಹಾಲುತುಪ್ಪಕ್ಕೂ ನಿಲ್ಲದೆ ಹೊರಟುಹೋದಳು. ಮೂರು ವರ್ಷ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಕಳೆದ ಚಳಿಗಾಲದಲ್ಲಿ ನನಗೆ ಸ್ವಲ್ಪ ಎದೆನೋವು ಕಾಣಿಸಿಕೊಂಡಿತು. ದೊಡ್ಡದೇನೂ ಅಲ್ಲ ಎಂದು ಡಾಕ್ಟರು ಕಳಿಸಿದರು. ಆದರೆ ಆ ದಿನ ಮಂಚದ ಮೇಲೆ ಮಲಗಿ ನಾನು ಯೋಚಿಸಿದ್ದು ಆ 'ಇಲ್ಲ' ಎಂಬ ಒಂದು ಮಾತನ್ನು. ಅದು ನನ್ನ ಜೊತೆಗೇ ಹೋಗಿಬಿಟ್ಟರೆ, ಅವ್ವ ತನ್ನನ್ನು ಕೇಳಲೇ ಇಲ್ಲ ಎಂದೇ ಮಗಳು ಬದುಕುತ್ತಾಳೆ. ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ನಾದಿನಿಯಿಂದ ಮಗಳು ಕೆಲಸ ಮಾಡುವ ಕಡೆಯ ನಂಬರು ತೆಗೆದುಕೊಂಡು ಅಲ್ಲಿಗೆ ಮಾಡಿದೆ. ಒಬ್ಬ ಗಂಡಸು ಎತ್ತಿದ.

"ನೈಟ್ ಟೂರಿಗಾ? ಎಷ್ಟು ಜನ ಉಂಟು?"

"ಒಬ್ಬನೇ."

"ವಯಸ್ಸು?"

"ಅರವತ್ತಮೂರು. ಈಜು ಬರುತ್ತೆ."

"ಬಂದ್ರೆ ಒಳ್ಳೇದಾಯ್ತು. ಒಬ್ರೇ ಆದ್ರೆ ನಮ್ಮ ಗೈಡ್ ಹುಡುಗಿ ಜೊತೆ ಎರಡು ಸೀಟಿನದ್ರಲ್ಲಿ ಕೂರ್ಬೇಕು ನೀವು. ಅಡ್ಡಿ ಇಲ್ವಾ?"

ಅಡ್ಡಿ ಇಲ್ಲ ಎಂದೆ. ನಾನು ಯಾರೆಂದು ಹೇಳಲಿಲ್ಲ.

ಟೂರು ಇದ್ದದ್ದು ಅಮಾವಾಸ್ಯೆಯ ಕತ್ತಲಲ್ಲಿ. ಅದರ ಹಿಂದಿನ ದಿನ ರೈಲು ಹತ್ತಿ ಮಾರನೆಯ ಬೆಳಿಗ್ಗೆ ಇಳಿದೆ. ಲಾಡ್ಜಿನಲ್ಲಿ ಸ್ನಾನ ಮಾಡಿ, ಸಂಜೆಯಾಗುವುದನ್ನೇ ಕಾಯುತ್ತಾ ಕೂತೆ. ಹೇಳಬೇಕಾದ್ದನ್ನು ಬಾಯಲ್ಲಿ ಹತ್ತು ಸಲ ಜೋಡಿಸಿಕೊಂಡೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ನಾಲ್ಕು ವಾಕ್ಯ ಕೂಡಿಬರಲಿಲ್ಲ.

ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ತೆಂಗಿನ ಮರಗಳ ಕೆಳಗೆ ಕಯಾಕ್‌ಗಳನ್ನು ಮರಳಿನ ಮೇಲೆ ಸಾಲಾಗಿ ಇಟ್ಟಿದ್ದರು. ಉದ್ದನೆಯ ಪ್ಲಾಸ್ಟಿಕ್ ದೋಣಿಗಳು, ಒಬ್ಬರ ಹಿಂದೆ ಒಬ್ಬರು ಕೂರುವಂಥವು. ಇನ್ನೂ ಆರು ಜನ ಬಂದಿದ್ದರು. ಫೋನಿನಲ್ಲಿ ಮಾತಾಡಿದ ಗೈಡ್ ಹೆಸರು ಕರೆಯುತ್ತಿದ್ದ. ಮಗಳು ಹಣೆಗೆ ಟಾರ್ಚು ಕಟ್ಟಿಕೊಂಡು ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಹಾಕುತ್ತಾ ಬರುತ್ತಿದ್ದಳು. ಕೂದಲು ಮೋಟಾಗಿ ಕತ್ತರಿಸಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ನಡಿಗೆ ಮಾತ್ರ ಅವಳ ಅವ್ವನದೇ.

ನನ್ನ ಮುಂದೆ ಬಂದು ನಿಂತಾಗ ಟಾರ್ಚಿನ ಬೆಳಕು ನನ್ನ ಕಣ್ಣಿಗೇ ಬಿತ್ತು. ಅವಳ ಮುಖ ನನಗೆ ಕಾಣಲಿಲ್ಲ. ಜಾಕೆಟ್ ಹಿಡಿದ ಕೈ ಅರ್ಧಕ್ಕೆ ನಿಂತಿದ್ದು ಮಾತ್ರ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಕೈ ಎತ್ತಿ ಸಾರ್."

ಎತ್ತಿದೆ. ಎದೆಯ ಮೇಲಿನ ಮೂರು ಬಕಲ್‌ಗಳನ್ನು ಒಂದೊಂದಾಗಿ ಹಾಕಿದಳು. ಭುಜದ ಪಟ್ಟಿಯನ್ನು ಎಳೆದು ನೋಡಿದಳು. "ಬಿಗಿ ಆಯ್ತಾ? ಉಸಿರಾಡೋಕೆ ತೊಂದ್ರೆ ಇಲ್ವಾ ನಿಮ್ಗೆ?"

ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು ಅವಳು. ಊರಿನಲ್ಲಿ ಮಕ್ಕಳೆಲ್ಲ ಅಪ್ಪನನ್ನು ಹಾಗೇ ಕರೆಯುವುದು. ಈಗ ನಾನು 'ಸಾರ್', 'ನಿಮ್ಗೆ'. "ಇಲ್ಲ," ಎಂದಷ್ಟೇ ಹೇಳಿದೆ.

ನಾನು ಮುಂದೆ, ಅವಳು ಹಿಂದೆ. ಎಲ್ಲರಿಗೂ ಕೊನೆಯ ದೋಣಿ ನಮ್ಮದು, ಹಿಂದುಳಿದವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಹೊಳೆಯ ಎರಡೂ ದಡದಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ನೀರಿಗಿಳಿದಿದ್ದವು. ಕತ್ತಲು ಬಲಿಯುತ್ತಾ ಬಂತು. ಬೆನ್ನ ಹಿಂದಿನಿಂದ ಅವಳ ದನಿ ಮಾತ್ರ: "ಎಡ. ಬಲ. ನಿಧಾನ. ಹುಟ್ಟನ್ನ ಅಷ್ಟು ಆಳಕ್ಕೆ ಇಳಿಸ್ಬೇಡಿ." ಬಾವಿಯ ಮೆಟ್ಟಿಲ ಮೇಲೆ ಕೂತು ಕೈ ಬೀಸು, ಕಾಲು ಬಡಿ ಎನ್ನುತ್ತಿದ್ದವನು ನಾನು. ಈಗ ಅವಳು ಹೇಳಿದಂತೆ ಕೈ ಆಡಿಸುತ್ತಿದ್ದೆ.

ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಮುಂದಿನ ಗೈಡ್ ಎಲ್ಲರಿಗೂ ದೀಪ ಆರಿಸಲು ಹೇಳಿದ. ದೀಪ ಆರಿದ ಮೇಲೆ ನೀರು ಬೆಳಗಿತು. ಹುಟ್ಟು ಇಳಿದ ಕಡೆಯೆಲ್ಲ ನೀಲಿ ಬೆಳಕು ಎದ್ದು ಸುಳಿದು ಆರಿಹೋಗುತ್ತಿತ್ತು. ಮೀನು ಓಡಿದರೆ ಒಂದು ಗೆರೆ. ಮುಂದಿನ ದೋಣಿಗಳಲ್ಲಿದ್ದವರು ಕೈ ಇಳಿಬಿಟ್ಟು ನಗುತ್ತಿದ್ದರು. ಕಣ್ಣಿಗೆ ಕಾಣದ ಜೀವಿಗಳು ಕದಲಿದಾಗ ಬೆಳಗುತ್ತವೆ ಎಂದು ನಾನೂ ತರಗತಿಯಲ್ಲಿ ಹೇಳಿದ್ದೆ, ನೋಡಿದ್ದು ಅಂದೇ. ನನ್ನ ಹೆಂಡತಿ ನೋಡಲೇ ಇಲ್ಲವಲ್ಲ ಅನ್ನಿಸಿತು. ಬಾ ಎಂದು ಮಗಳು ಎಷ್ಟು ಸಲ ಕರೆದಿದ್ದಳೋ, ನನಗೆ ಹೆದರಿ ಇವಳು ಎಷ್ಟು ಸಲ ಆಗಲ್ಲ ಅಂದಿದ್ದಳೋ.

ಹಿಂದೆ ತಿರುಗಿದರೆ ದೋಣಿ ಅಲುಗುತ್ತದೆ. ಮುಂದಿನ ಕತ್ತಲಿಗೇ ಹೇಳಿದೆ.

"ಅವ್ವ ನಿನ್ನ ಕೇಳಿದ್ಲು ಮಗಾ."

ಹಿಂದಿನ ಹುಟ್ಟು ನಿಂತಿತು.

"ದಿನಾ ಕೇಳಿದ್ಲು. ನಾನು ಸುಳ್ಳು ಹೇಳ್ಬುಟ್ಟೆ."

ಸೆಳೆತಕ್ಕೆ ಸಿಕ್ಕಿ ದೋಣಿ ತಾನಾಗಿಯೇ ಅಡ್ಡಕ್ಕೆ ತಿರುಗಿತು. ಆಮೇಲೆ ಅವಳು ಕೇಳಿದಳು.

"ಏನಂತ ಕೇಳಿದ್ಲು?"

"ಮಗೀಗೆ ಒಂದು ಫೋನ್ ಮಾಡಿ, ಅಷ್ಟೆ ಅಂದ್ಲು."

"ಎಷ್ಟು ದಿನ?"

"ನಾಕು ದಿನ."

"ನಾನು ಎಲ್ಡು ಸಲ ಮಾಡಿದ್ದೆ ಅಪ್ಪ. ಅವ್ವನ ಫೋನಿಗೆ."

"ಗೊತ್ತು. ನನ್ನ ಜೇಬಲ್ಲೇ ಇತ್ತು."

ಅಲೆ ದೋಣಿಯ ಪಕ್ಕಕ್ಕೆ ತಟ್ಟಿದಾಗೆಲ್ಲ ನೀಲಿ ಬೆಳಕು ಹತ್ತಿ ಆರುತ್ತಿತ್ತು.

"ನಾಕು ದಿನದಲ್ಲಿ ನಾನು ನಡ್ಕೊಂಡಾದ್ರೂ ಬತ್ತಿದ್ದೆ," ಅಂದಳು. ಕೂಗಲಿಲ್ಲ. ತಗ್ಗಿದ ದನಿಯಲ್ಲೇ ಹೇಳಿದಳು. "ಮೂರು ವರ್ಷ ನಾನು ಅವ್ವನ್ನ ಬಯ್ಕೊಂಡೆ. ಸಾಯೋ ಹೊತ್ನಲ್ಲೂ ನಿಂಗೆ ಹೆದರ್ಕೊಂಡು ನನ್ನ ಹೆಸರೆತ್ಲಿಲ್ಲವಲ್ಲ ಅಂತ. ಅವಳ ಫೋಟೋನ ಮಕ ಕೆಳ್ಗಾಗಿ ಇಟ್ಟಿವ್ನಿ. ನೀನು ಏನ್ ಮಾಡ್ದೆ ಅಂತ ಗೊತ್ತೈತಾ ನಿಂಗೆ?"

ನೀನು ಎಂದು ಅವಳ ಬಾಯಲ್ಲಿ ಕೇಳಬೇಕೆಂದು ನಾನು ಹಂಬಲಿಸಿದ್ದೆ. ಕೇಳಿದ್ದು ಹೀಗೆ.

"ಗೊತ್ತು ಕಣವ್ವ," ಎಂದೆ. ತಪ್ಪಾಯಿತು ಎನ್ನಲು ಹೊರಟವನಿಗೆ ಆ ಮಾತು ತೀರಾ ಸಣ್ಣದೆನ್ನಿಸಿ ಬಾಯಲ್ಲೇ ಉಳಿಯಿತು.

ಮುಂದಿನಿಂದ ಗೈಡ್ ಕೂಗಿದ. "ಹಿಂದೆ ಎಲ್ಲ ಸರಿ ಉಂಟಾ?"

"ಸರಿ ಇದೆ, ಬರ್ತಾ ಇದ್ದೀವಿ," ಎಂದು ಅವಳು ತಿಳಿಯಾದ ದನಿಯಲ್ಲಿ ಉತ್ತರ ಕೊಟ್ಟಳು. ದೋಣಿಯನ್ನು ಎರಡೇ ಎಳೆತಕ್ಕೆ ನೇರ ಮಾಡಿದಳು. ನಾನು ಹುಟ್ಟು ಎತ್ತಿದಾಗ, "ನೀವು ಹಾಕ್ಬೇಡಿ, ಸುಮ್ನೆ ಕೂತ್ಕೊಳಿ," ಅಂದಳು. ದಡದವರೆಗೂ ಒಬ್ಬಳೇ ದೋಣಿ ನಡೆಸಿದಳು. ಅವಳು ಹುಟ್ಟು ಎಳೆದಾಗಲೆಲ್ಲ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನಡುವೆ ಎಲ್ಲೋ ಒಂದು ಸಲ ಅವಳ ಗಂಟಲಿನಿಂದ ಒಂದು ಸದ್ದು ಬಂತು. ನಾನು ತಿರುಗಲಿಲ್ಲ. ತಿರುಗುವ ಹಕ್ಕು ನನಗಿರಲಿಲ್ಲ.

ದಡದಲ್ಲಿ ನನಗೆ ಏಳಲಾಗಲಿಲ್ಲ, ಮಂಡಿ ಹಿಡಿದುಕೊಂಡಿತ್ತು. ಅವಳು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದಳು, ಯಾರನ್ನಾದರೂ ಎತ್ತುವ ಹಾಗೆ. ಬಂದವರೆಲ್ಲ ಫೋಟೋ ತೆಗೆಸಿಕೊಂಡರು. ತೆಗೆದವಳು ಅವಳೇ. ಜೊತೆಗೆ ಬಂದಿದ್ದ ಹೆಂಗಸೊಬ್ಬರು ನನ್ನ ಹತ್ತಿರ, "ಒಬ್ರೇ ಬಂದಿದ್ದೀರ, ಧೈರ್ಯ ಕಣ್ರಿ ನಿಮ್ದು," ಎಂದರು.

ಎಲ್ಲರೂ ಹೋದ ಮೇಲೆ ಮಗಳು ಒಂದು ಲೋಟ ಚಹಾ ತಂದು ನನ್ನ ಪಕ್ಕದ ಮರಳಿನ ಮೇಲಿಟ್ಟಳು. ಕೂರಲಿಲ್ಲ.

"ಅವ್ವನ ಫೋನ್ ಎಲ್ಲೈತೆ?"

"ಮನೇಲೈತೆ. ಬೀರುನಲ್ಲಿ."

"ಅದ್ನ ಕಳ್ಸಿ ನಂಗೆ." ಹೊರಡಲು ತಿರುಗಿ, "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಮತ್ತೆ ಇಲ್ಲಿಗೆ ಬರ್ಬೇಡಿ. ಬರೋದಾದ್ರೆ ನಾನೇ ಬತ್ತೀನಿ," ಎಂದಳು. ಆಮೇಲೆ ಕಯಾಕ್‌ಗಳಿಗೆ ಸಿಹಿನೀರು ಹೊಡೆದು ತೊಳೆಯಲು ಹೋದಳು. ನಾನು ಚಹಾ ಕುಡಿದು, ಲೋಟವನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದೆ. ಇನ್ನೊಬ್ಬ ಗೈಡ್ ಬಂದು ತೆಗೆದುಕೊಂಡ.

ಊರಿಗೆ ಬಂದ ದಿನವೇ ಫೋನನ್ನು ಹತ್ತಿಯಲ್ಲಿ ಸುತ್ತಿ ಕೊರಿಯರ್ ಮಾಡಿದೆ. ತಲುಪಿತು ಎಂದು ಅವಳು ನಾದಿನಿಯ ಕೈಲಿ ಹೇಳಿಸಿದಳು.

ಎಡೆ ಇಡುವ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಅವಳದೇ ಫೋನ್ ಬಂತು. "ಅಕ್ಕೂರಿಗೆ ಬತ್ತಾ ಇದ್ದೀನಿ. ಅವತ್ತು ನೀವು ಹೊಲದ ತಾವ ಇರ್ಬೇಡಿ. ನಾನೂ ಅವ್ವನೂ ಇಬ್ರೇ ಇರ್ಬೇಕು," ಎಂದಳು. ಆಗಲಿ ಎಂದೆ. ಆ ದಿನ ರಾಮನಗರದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಮೈಸೂರು ರಸ್ತೆಯ ಬಸ್ಸುಗಳ ಹಾರ್ನ್ ಕೇಳಿದಾಗಲೆಲ್ಲ ಅವಳು ಇದರಲ್ಲಿರಬಹುದು, ಅದರಲ್ಲಿರಬಹುದು ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹೊಲಕ್ಕೆ ಹೋದೆ. ಸಮಾಧಿಯ ಸುತ್ತ ಮೊಣಕಾಲುದ್ದ ಬೆಳೆದಿದ್ದ ಪಾರ್ಥೇನಿಯಂ ಕಳೆಯನ್ನು ಬೇರು ಸಮೇತ ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ್ದಳು. ನೆಲವನ್ನು ಸಾರಿಸಿದ್ದಳು. ಬಾಳೆಯೆಲೆಯ ಮೇಲೆ ಅವಳ ಅವ್ವನಿಗೆ ಇಷ್ಟವಾದ ಹುಳಿಯನ್ನದ ಅಗುಳು ಉಳಿದಿದ್ದವು, ಇರುವೆ ಹತ್ತಿತ್ತು. ಪಕ್ಕದಲ್ಲಿ ಯಾರೋ ಬಹಳ ಹೊತ್ತು ಮಲಗಿದ್ದ ಹಾಗೆ ಹುಲ್ಲು ಒರಗಿತ್ತು. ನಾನು ಚಪ್ಪಲಿ ಬಿಟ್ಟು ಬದುವಿನ ಈಚೆಯೇ ಕೂತೆ.