ನಿಂಗೊಬ್ಳಿಗೇ ಇಂಗೋ, ಎಲ್ರಿಗೂ ಇಂಗೋ?

ಟೈಪಿಂಗ್ ಅಕ್ಕನ ಕಂಪ್ಯೂಟರ್ ಪರದೆಯ ಮೇಲಂಚಿನಲ್ಲಿ ಯಾವಾಗಲೂ ಒಂದು ಚಿಟಿಕೆ ಕುಂಕುಮ ಅಂಟಿರುತ್ತಿತ್ತು. ಪೂಜೆ ಮಾಡಿದ್ದಲ್ಲ. ಓದುವಾಗ ಅವರು ಎಷ್ಟು ಮುಂದಕ್ಕೆ ಬಾಗುತ್ತಿದ್ದರೆಂದರೆ ಹಣೆ ಹೋಗಿ ಪರದೆಗೆ ತಾಗುತ್ತಿತ್ತು, ತಾಗಿದಾಗೆಲ್ಲ ಹಣೆಯ ಕುಂಕುಮ ಅಲ್ಲಿಗೆ ಅಂಟಿಕೊಳ್ಳುತ್ತಿತ್ತು. ಸಂಜೆ ಬಾಗಿಲು ಎಳೆಯುವ ಮುಂಚೆ ಸೆರಗಿನ ತುದಿಯಿಂದ ಅದನ್ನು ಒರೆಸಿ, "ಇವತ್ತಿಂದು ಆಯ್ತು ಬುಡು" ಅನ್ನುತ್ತಿದ್ದರು. ಕಂಪ್ಯೂಟರಿಗೂ ಮುತ್ತೈದೆ ಭಾಗ್ಯ ಕೊಟ್ಟಿದ್ದೀರಲ್ಲಕ್ಕ ಅಂತ ನಾನೇ ಗೇಲಿ ಮಾಡಿದ್ದೇನೆ. ಅವರೂ ನಗುತ್ತಿದ್ದರು. ಆ ಕುಂಕುಮ ಏನು ಹೇಳುತ್ತಿದೆ ಅಂತ ಅಂಗಡಿಗೆ ಬಂದುಹೋಗುವ ಒಬ್ಬರಿಗೂ ಹೊಳೆಯಲಿಲ್ಲ. ನನ್ನ ಬುದ್ಧಿಗಂತೂ ಮಣ್ಣು ಬಿದ್ದಿತ್ತು.

ಪಾವಗಡದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕಾಯುವವರಿಗೆ ಒಂದು ಬೆಂಚು. ಎಷ್ಟೋ ವರ್ಷ ವಕೀಲರಿಗೆ ಅರ್ಜಿ, ಮದುವೆಯವರಿಗೆ ಲಗ್ನಪತ್ರಿಕೆ, ಮೇಷ್ಟ್ರುಗಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಮಾಡಿ ಅವರ ಬೆರಳುಗಳ ತುದಿ ಚಪ್ಪಟೆಯಾಗಿದ್ದವು. ಎಲ್ಲ ಕೆಲಸ ಆನ್‌ಲೈನ್ ಆದ ಮೇಲೆ ಜನ ಫೋನು ಹಿಡಿದುಕೊಂಡು ಬರತೊಡಗಿದರು. "ಅಕ್ಕಾ, ಪೇಜು ಅರ್ಧ ಬತ್ತೈತೆ." "ಅಕ್ಕಾ, ಬಟನ್ನೇ ಇಲ್ಲ." "ಅಕ್ಕಾ, ಬರೀ ಬಿಳೇದು."

ಯಾರೇ ಬಂದರೂ ಅವರ ಮೊದಲ ಪ್ರಶ್ನೆ ಒಂದೇ. "ನಿಂಗೊಬ್ಳಿಗೇ ಇಂಗೋ, ಎಲ್ರಿಗೂ ಇಂಗೋ?"

ನನಗೂ ಮೊದಲ ದಿನ ಅದನ್ನೇ ಕೇಳಿದರು. ನನಗೆ ಕೋಪ ಬಂತು. ಕೋಪ ಅನ್ನೋದು ನನ್ನ ಮೂಗಿನ ತುದಿಯಲ್ಲೇ ಇರುತ್ತೆ, ಅಮ್ಮ ದಿನಾ ಬೈಯುತ್ತಿದ್ದಳು. ಊರೋರ ಪಂಚಾಯ್ತಿ ನಂಗ್ಯಾಕೆ, ನಂದು ಸರಿ ಮಾಡಿಕೊಡಿ ಅಂದೆ. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ಕೋಪ ಮಾಡ್ಕಬ್ಯಾಡ ಕಣಮ್ಮ. ನಿಂಗೊಬ್ಳಿಗೇ ಇಂಗೆ ಅಂದ್ರೆ ತೊಂದ್ರೆ ನಿನ್ತಾವ ಐತೆ, ಇಲ್ಲೇ ರಿಪೇರಿ. ಎಲ್ರಿಗೂ ಇಂಗೇ ಅಂದ್ರೆ ತೊಂದ್ರೆ ಆ ಕಡೆ ಐತೆ, ನೀನು ಅಳೋದು ದಂಡ. ಮೊದ್ಲು ಅದು ಗೊತ್ತಾಗ್ಲಿ." ಹಾಗಂದು ನನ್ನ ಫೋನು ಇಸಕೊಂಡು, ಅದೇ ಪೇಜನ್ನು ತಮ್ಮ ಎರಡೂ ಕಂಪ್ಯೂಟರಿನಲ್ಲಿ ತೆಗೆದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನದರಲ್ಲಿ ಅಕ್ಷರದ ಅಳತೆ ದೊಡ್ಡದು ಮಾಡಿಬಿಟ್ಟಿದ್ದೆ. ಬಟನ್ನು ಪರದೆಯ ಆಚೆ ಹೋಗಿ ಕೂತಿತ್ತು, ಅಷ್ಟೆ.

ತಿರುಮಣಿ ಕಡೆಯ ಒಬ್ಬ ಯಜಮಾನರು, ಜಮೀನು ಸೋಲಾರಿಗೆ ಗುತ್ತಿಗೆ ಕೊಟ್ಟವರು, ಪಹಣಿ ಪೇಜಿನಲ್ಲಿ ಇನ್ನೂ ಸತ್ತ ಅಪ್ಪನ ಹೆಸರೇ ಬರುತ್ತೆ ಅಂತ ಒಂದು ವಾರ ಅಲೆದಿದ್ದರು. ಖಾತೆ ಬದಲಾಗಿ ಎಷ್ಟೋ ದಿನ ಆಗಿತ್ತು. ಅಕ್ಕ ನೋಡಿದರು. "ನಿನ್ನ ಫೋನು ಸೋಂಬೇರಿ ಕಣಪ್ಪಾ. ಯಾವತ್ತೋ ನೋಡಿದ್ನೇ ಎತ್ತಿಟ್ಕೊಂಡು ದಿನಾ ತೋರಿಸ್ತೈತೆ. ಅದ್ಕೆ ಹಳೇದ್ನ ಮರೆಸ್ಬೇಕು." ಮರೆಸಿದರು. ಹೊಸ ಹೆಸರು ಬಂತು. ಆ ಯಜಮಾನರು ತಮ್ಮ ಹೆಸರು ನೋಡಿ ಖುಷಿಪಡೋದು ಬಿಟ್ಟು, ಅಪ್ಪನ ಹೆಸರು ಇನ್ನು ಬರೋದೇ ಇಲ್ವಾ ಅಂತ ಕೇಳಿದರು. ಅಕ್ಕ ಅವರಿಗೆ ಟೀ ತರಿಸಿದರು.

ಇನ್ನೊಬ್ಬರು ಹೆಡ್‌ಮೇಷ್ಟ್ರು. "ಏನ್ರೀ ಇದು, ಬೆನ್ನು ಒತ್ತಿ ಅಂತೈತೆ. ಯಾರ ಬೆನ್ನು ಒತ್ಲಿ?" ಅಂತ ರೇಗಿಕೊಂಡೇ ಬಂದರು. ಇಂಗ್ಲಿಷ್ ಪೇಜನ್ನು ಬ್ರೌಸರೇ ಕನ್ನಡ ಮಾಡಿ, ಹಿಂದಕ್ಕೆ ಹೋಗುವ ಬ್ಯಾಕ್ ಬಟನ್ನಿಗೆ ಬೆನ್ನು ಅಂತ ಬರೆದಿತ್ತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಅಂಗನವಾಡಿಗೆ ಊರಿನವರೇ ಆದ ಕಾರ್ಯಕರ್ತೆ ಬೇಕು ಅಂತ ಕರೆದಿದ್ದರು. ನಾನು ಅರ್ಜಿ ಹಾಕಿದ್ದೆ. ಆ ಸಲ ತಪ್ಪಿದರೆ ನನ್ನ ವಯಸ್ಸು ಮಿತಿ ದಾಟುತ್ತಿತ್ತು, ಮತ್ತೆ ಜನ್ಮದಲ್ಲಿ ಅರ್ಜಿ ಹಾಕೋ ಹಾಗಿರಲಿಲ್ಲ. ಗಂಡನಿಂದ ಬೇರೆಯಾಗಿ ಮಗಳನ್ನು ಕಟ್ಟಿಕೊಂಡು ಅಮ್ಮನ ಮನೆಯಲ್ಲಿದ್ದವಳು ನಾನು. ಊರಲ್ಲೇ ಒಂದು ಕೆಲಸ, ನನ್ನದೇ ಒಂದು ಕುರ್ಚಿ, ಅದು ಬಿಟ್ಟು ಬೇರೇನೂ ಬೇಡ ಅನ್ನಿಸಿತ್ತು.

ಆಯ್ಕೆ ಪಟ್ಟಿ ವೆಬ್‌ಸೈಟಿನಲ್ಲಿ ಬಂತು. ತೆಗೆದರೆ ಕನ್ನಡವೇ ಇಲ್ಲ. ಸಾಲು ಸಾಲು ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಅರ್ಧದ ಗುರುತು. ಒಂದು ಅಂಗಡಿಯವನು ವೈರಸ್ ಅಂದ. ಇನ್ನೊಬ್ಬ ಸರ್ವರ್ ಕೆಟ್ಟಿದೆ, ಸೋಮವಾರ ಬನ್ನಿ ಅಂದ. ನಾನು ನಂಬಿ ಮನೆಗೆ ಹೋದೆ. ಆಮೇಲೆ ಯಾರೋ ಹೇಳಿದರು, ಪಟ್ಟಿಗೆ ತಕರಾರಿದ್ದರೆ ಕೊಡೋಕೆ ಶುಕ್ರವಾರವೇ ಕಡೇ ದಿನ, ಮಧುಗಿರಿಯ ಕಚೇರಿಗೆ ಸಂಜೆ ಐದರೊಳಗೆ ಕೊಡಬೇಕು ಅಂತ. ಅವತ್ತೇ ಶುಕ್ರವಾರ. ಬಿದ್ದು ಎದ್ದು ಅಕ್ಕನ ಹತ್ತಿರ ಓಡಿದೆ. ಆಗ ಬೆಳಿಗ್ಗೆ ಹನ್ನೊಂದು ದಾಟಿತ್ತು.

ಅಕ್ಕ ತಮ್ಮ ಪ್ರಶ್ನೆ ಕೇಳಿದರು. ಈ ಸಲ ನಾನೇ ಹೇಳಿದೆ, ಎಲ್ಲರಿಗೂ ಹಿಂಗೇ ಅಂತ. ಅವರು ಪೇಜು ತೆಗೆದು, ಪರದೆಗೆ ಹಣೆ ಒತ್ತಿ ನೋಡಿ, ಕಿಸಕ್ಕನೆ ನಕ್ಕರು.

"ವೈರಸ್ಸೂ ಇಲ್ಲ, ಸುಡುಗಾಡೂ ಇಲ್ಲ. ಇದು ಕನ್ನಡಾನೇ ಕಣಮ್ಮ. ಟೈಪ್ ಮಾಡ್ದೋರು ಹಳೇ ಕಾಲದ ಫಾಂಟಲ್ಲಿ ಮಾಡಿ ಅಂಗೇ ಏರಿಸವ್ರೆ. ಆ ಫಾಂಟ್ ಇಲ್ದಿರೋ ಮಿಷೀನು ಏನ್ ಮಾಡ್ತೈತೆ? ತನಗೆ ಗೊತ್ತಿರೋ ಗುರುತು ತೋರಿಸ್ತೈತೆ. ಇಪ್ಪತ್ತು ವರ್ಷ ಇದ್ನೇ ಕುಟ್ಟಿದೀನಿ, ನಂಗೆ ಓದಕ್ಕೆ ಬತ್ತೈತೆ."

ಕಾಪಿ ಮಾಡಿ ಹಳೇ ಫಾಂಟಿಗೆ ಹಾಕೋಣ ಅಂದರೆ ಆ ಪೇಜು ಕಾಪಿ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಕಣ್ಣಲ್ಲೇ ಓದಲು ಶುರು ಮಾಡಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನಗೆ ಬರೀ ಕಸ ಕಾಣುವ ಕಡೆ ಅವರು ಊರಿನ ಹೆಸರು, ಹೆಂಗಸರ ಹೆಸರು ಗಟ್ಟಿಯಾಗಿ ಓದುತ್ತಾ ಹೋದರು. ನಮ್ಮೂರಿನ ಹೆಸರು ಬಂತು. ನನ್ನ ಹೆಸರು ಬಂತು. ಅದರ ಮುಂದೆ ಒಂದು ಮಾತು ಬರೆದಿತ್ತು. ಅಲ್ಲಿ ಅಕ್ಕ ನಿಂತುಬಿಟ್ಟರು.

ಪರದೆ ಒರೆಸಿದರು. ಅಕ್ಷರ ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು. ಬೇರೆ ಬ್ರೌಸರಿನಲ್ಲಿ ತೆಗೆದರು. ಎದ್ದು ಹೋಗಿ ಪಕ್ಕದ ಕಂಪ್ಯೂಟರಿನಲ್ಲಿ ತೆಗೆದರು. "ಇಲ್ಲಿ ಮಧ್ಯ ಮಧ್ಯ ಅಕ್ಷರ ನುಂಗ್ತೈತೆ" ಅಂದರು. ನಾನು ಗಡಿಯಾರ ನೋಡುತ್ತಿದ್ದೆ. ಹನ್ನೆರಡೂವರೆಗೆ ಮಧುಗಿರಿ ಬಸ್ಸು.

"ನೀನೇ ನೋಡಿ ಹೇಳಮ್ಮ. ಏನು ಕಾಣ್ತೈತೋ ಅದ್ನ ಹೇಳು, ನಾನು ಕೂಡಿಸ್ತೀನಿ."

ನಾನು ಒಂದೊಂದೇ ಗುರುತು ಹೇಳಿದೆ. ಕೆಳಗೆ ಒಂದು ಕೊಕ್ಕೆ, ತಲೆ ಮೇಲೆ ಗೆರೆ ಇರೋ ಎ. "ಸ" ಅಂದರು. ಎರಡು ಚುಕ್ಕೆ ಹೊತ್ತ ಯು. "ಒತ್ತು ಅದು. ಸ್ಥ." ಒಂದು ಬೈ ಎರಡು, ಅರ್ಧ ಅಂತ ಬರೀತಾರಲ್ಲ, ಅದು. "ಳಿ. ಮುಂದಿಂದು ದೀರ್ಘ ಇರಬೇಕು. ಸ್ಥಳೀ." ಹೀಗೇ ಮುಂದುವರಿದು, ಉಂಗುರದೊಳಗೆ ಕೂತ ಆರ್ ಅಂದಾಗ "ಲ" ಅಂದರು. ಕಡೆಯಲ್ಲಿ ಒಂದು ಸಣ್ಣ ಇ, ಅದರ ಮೇಲೊಂದು ಗೆರೆ.

"ಅದೂ ಲಾನೇ, ಒತ್ತು." ಅಕ್ಕ ಕಣ್ಣು ಮುಚ್ಚಿ ಕೂಡಿಸಿದರು. "ಸ್ಥಳೀಯರಲ್ಲ."

ನನಗೆ ಕಾಲಡಿಯ ನೆಲ ಹೋದ ಹಾಗಾಯಿತು. ಹುಟ್ಟಿದ್ದು ಅಲ್ಲಿ, ಬೆಳೆದಿದ್ದು ಅಲ್ಲಿ, ಸಾಯೋದೂ ಅಲ್ಲೇ, ಸ್ಥಳೀಯಳಲ್ಲವಂತೆ. ಅಳು ನುಗ್ಗಿ ಬಂತು. ಅಕ್ಕ ಅಳಲು ಬಿಡಲಿಲ್ಲ. ನಮ್ಮೂರಿನದೇ ಹೆಸರಿನ ಊರು ಸಿರಾ ತಾಲ್ಲೂಕಲ್ಲೂ ಒಂದಿದೆ, ನನ್ನನ್ನು ಆ ಊರಿನವಳು ಅಂತ ತಿಳಿದಿರಬೇಕು, ಆಧಾರ್ ಪ್ರತಿ, ವಾಸದ ಪತ್ರ ಎರಡೂ ಇದ್ದರೆ ಸಾಕು ಅಂತ ಅವರಿಗೆ ಕ್ಷಣದಲ್ಲಿ ಹೊಳೆಯಿತು. ತಕರಾರು ಅರ್ಜಿ ಟೈಪ್ ಮಾಡಲು ಕೂತರು. ಪರದೆ ನೋಡಲೇ ಇಲ್ಲ, ಮುಖ ಬಾಗಿಲ ಕಡೆ, ಬೆರಳು ತಮ್ಮ ಪಾಡಿಗೆ ಓಡಿದವು. ಒಂದು ತಪ್ಪೂ ಇರಲಿಲ್ಲ.

ಪ್ರಿಂಟು ಕೈಗೆ ಕೊಡುವಾಗ ಕೇಳಿದರು. "ಒಂದ್ ಮಾತು ಹೇಳು. ಆ ಸಾಲಿನಾಗೆ ನಿಂಗೆ ಎಲ್ಲಾ ಅಕ್ಷರಾನೂ ಕಾಣ್ತಾ?"

"ಎಲ್ಲಾ ಕಾಣ್ತಕ್ಕಾ."

"ಮಧ್ಯ ಎಲ್ಲೂ ಖಾಲಿ ಇರ್ನಿಲ್ವಾ?"

"ಇಲ್ಲಕ್ಕಾ. ಬಸ್ಸು ಹೋಗ್ತೈತೆ."

"ಅಂಗಾದ್ರೆ ನಂಗೊಬ್ಳಿಗೇ" ಅಂದರು ಅಕ್ಕ. ಮೆಲ್ಲಗೆ, ಯಾರದೋ ಫೋನಿನ ವಿಷಯ ಹೇಳುವ ಹಾಗೆ. ಆಮೇಲೆ ನನ್ನ ಬೆನ್ನು ತಟ್ಟಿ, "ಓಗು, ಓಡು, ಬಸ್ ಹಿಡಿ" ಅಂದರು. ನಾನು ಓಡಿದೆ.

ಬಸ್ಸು ಸಿಕ್ಕಿತು. ಮಿಡಿಗೇಶಿ ದಾಟುವವರೆಗೂ ಅರ್ಜಿಯನ್ನು ಎದೆಗೆ ಒತ್ತಿಕೊಂಡೇ ಕೂತಿದ್ದೆ. ಕಚೇರಿಯಲ್ಲಿದ್ದ ಗುಮಾಸ್ತರು ಎರಡೂ ಪತ್ರ ನೋಡಿ, "ಅರೆ, ಇದು ಪಾವಗಡದ್ದಾ" ಅಂತ ಅವರೇ ತಲೆ ಕೆರೆದುಕೊಂಡು ಸೀಲು ಒತ್ತಿಕೊಟ್ಟರು. ಕೆಲವು ವಾರ ಕಳೆದು ತಿದ್ದಿದ ಪಟ್ಟಿ ಬಂತು. ನನ್ನ ಹೆಸರು ಅದರಲ್ಲಿತ್ತು. ಈ ಸಲ ಎಲ್ಲರೂ ಓದುವಂಥ ಕನ್ನಡದಲ್ಲಿ.

ಕೆಲಸಕ್ಕೆ ಸೇರಿ, ಕಟ್ಟಡಕ್ಕೆ ಸುಣ್ಣ ಹೊಡೆಸಿ, ಮಕ್ಕಳನ್ನು ಸೇರಿಸಿ, ಒಂದಲ್ಲ ಒಂದು ಓಡಾಟ. ಶೇಂಗಾ ಉಂಡೆ ಕಟ್ಟಿಕೊಂಡು ಅಕ್ಕನ ಅಂಗಡಿಗೆ ಹೋಗುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಪರದೆಯ ಅಂಚಿನಲ್ಲಿ ಕುಂಕುಮ ಇರಲಿಲ್ಲ. ಕಂಪ್ಯೂಟರ್ ಮುಂದೆ ಅವರ ತಂಗಿ ಕೂತಿದ್ದರು. ಅಕ್ಕ ಬಾಗಿಲ ಪಕ್ಕದ ಬೆಂಚಿನ ಮೇಲಿದ್ದರು.

ನಡೆದದ್ದನ್ನು ತಂಗಿ ಹೇಳಿದರು. ಅಕ್ಕ ಮೊದಲು ಪರದೆ ಬದಲಾಯಿಸಿದರಂತೆ. ಆಮೇಲೆ ಟ್ಯೂಬ್‌ಲೈಟು. ಆಮೇಲೆ ಕನ್ನಡಕ. ಮನೆಯಲ್ಲಿ ಗಂಡನಿಗೂ ಹೇಳದೆ ಒಂದೊಂದನ್ನೇ ಬದಲಾಯಿಸಿ ನೋಡಿದ್ದಾರೆ, ಬೇರೆಯವರ ಫೋನು ನೋಡುತ್ತಿದ್ದ ಹಾಗೇ. ಸಕ್ಕರೆ ಕಾಯಿಲೆ ಕಣ್ಣಿನ ಒಳಗೆ ಇಳಿದಿತ್ತು. ಹೋದ ತಿಂಗಳು ತೋರಿಸಿದಾಗ ತುಮಕೂರಿನ ಡಾಕ್ಟರು, ಮೂರು ತಿಂಗಳು ಮುಂಚೆ ಬಂದಿದ್ದರೆ ಸ್ವಲ್ಪ ಉಳಿಸಬಹುದಿತ್ತು ಅಂದರಂತೆ.

ಮೂರು ತಿಂಗಳು ಮುಂಚೆ. ನನ್ನ ಕೈಯಲ್ಲಿದ್ದ ಉಂಡೆ ಡಬ್ಬಿ ಕಲ್ಲಿನಷ್ಟು ಭಾರವಾಯಿತು. ಅಕ್ಕನ ಪಕ್ಕ ಕೂತು, "ಅವತ್ತು ನೀವು ನಂಗೆ ಹೇಳಿದ್ರಿ, ನಾನು ನಿಂತು ಕೇಳ್ಳಿಲ್ಲ" ಅಂದೆ.

"ಏ, ಪರ್ವಾಲೇದು" ಅಂದರು. ಗಡಿಯಾಚೆಯ ತೆಲುಗು ಅವರ ಬಾಯಿಗೆ ಸಮಾಧಾನ ಹೇಳುವಾಗ ಬರುತ್ತಿತ್ತು. "ನೀನು ನಿಂತಿದ್ರೆ ಬಸ್ ಓಗ್ತಿತ್ತು. ಆಗ ಇಬ್ರದೂ ಓಗ್ತಿತ್ತು." ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ಸುತ್ತ ಎಲ್ಲಾ ಬಂದೈತೆ ಕಣಮ್ಮ. ಸೆರಗು ಬಂದೈತೆ, ಓಲೆ ಬಂದೈತೆ, ಇಂದ್ಗಡೆ ಕ್ಯಾಲೆಂಡರೂ ಬಂದೈತೆ. ಮಧ್ಯದ ಫೋಟೋ ಒಂದು ಲೋಡಾಗಿಲ್ಲ." ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು. ಕೆನ್ನೆ ಒದ್ದೆಯಾಗಿತ್ತು. "ಇಲ್ಲೇ ಐತೆ ಬುಡು" ಅಂದರು.

ಆಮೇಲೆ ಎರಡು ವರ್ಷ, ಶನಿವಾರ ಮಧ್ಯಾಹ್ನ ನಾನು ಆ ಬೆಂಚಿನ ಮೇಲಿರುತ್ತಿದ್ದೆ. ಅಪರೂಪಕ್ಕೆ ಯಾರಾದರೂ ಅಂಥ ಕೆಟ್ಟುಹೋದ ಪೇಜು ತಂದರೆ ನಾನು ಗುರುತು ಹೇಳುತ್ತಿದ್ದೆ, ಅವರು ಕನ್ನಡ ಹೇಳುತ್ತಿದ್ದರು. ನಾನು ಕಲಿತುಬಿಟ್ಟಿದ್ದೆ, ಪೌಂಡು ಅಂದರೆ ನ ಅಂತ ನನಗೇ ಗೊತ್ತಿತ್ತು. ಆದರೂ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಹೋದ ಕಾರ್ತೀಕದಲ್ಲಿ ಅಕ್ಕ ತೀರಿಕೊಂಡರು. ಮಣ್ಣಿಗೆ ಬಂದಿದ್ದ ಜನ ನೋಡಿ ನನಗೇ ಆಶ್ಚರ್ಯವಾಯಿತು. ತಿರುಮಣಿಯ ಯಜಮಾನರು ಬಂದಿದ್ದರು, ಬೆನ್ನಿನ ಹೆಡ್‌ಮೇಷ್ಟ್ರು ಬಂದಿದ್ದರು, ಹೆಸರೇ ತಿಳಿಯದ ಎಷ್ಟೋ ಮಂದಿ ಬಂದಿದ್ದರು. ಇನ್ನು ನಮ್ಮ ಪೇಜು ಯಾರು ನೋಡ್ತಾರೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಅಳುತ್ತಿದ್ದರು. ನಿಜ, ಆ ನಷ್ಟ ಎಲ್ಲರಿಗೂ ಸೇರಿದ್ದು, ಅದರಲ್ಲಿ ನನ್ನದೂ ಒಂದು ಪಾಲು.

ಆದರೆ ಅವತ್ತು ಹನ್ನೆರಡೂಕಾಲಿಗೆ, ಪ್ರಿಂಟಿನ ಕಾಗದ ಇನ್ನೂ ಬಿಸಿ ಇರುವಾಗ, ಅಕ್ಕ ತಮ್ಮ ಕಣ್ಣಿನ ವಿಷಯ ಬಾಯಿಬಿಟ್ಟು ಹೇಳಿದ್ದರು. ಗಂಡನಿಗಲ್ಲ, ತಂಗಿಗಲ್ಲ, ಡಾಕ್ಟರಿಗೂ ಅಲ್ಲ. ನನಗೊಬ್ಬಳಿಗೇ.